ಇವರೆಲ್ಲ ಕೊನೆಗೆ ಸಾಯುವುದೇಕೆ? ಸಲಿಂಗ ಪ್ರೇಮದ ಸಿನಿಮಾಗಳನ್ನು ನೋಡುತ್ತ

ಪ್ರಶ್ನೆ ನನ್ನದಲ್ಲ, ಅಕ್ಕೋರದು. ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯನೊಬ್ಬನ ಮನೆಯ ಮಾಳಿಗೆಯ ಕೋಣೆಯಲ್ಲಿ ತಿಂಗಳಿಗೆರಡು ಭಾನುವಾರ ನಾವು ಏಳೆಂಟು ಜನ ಕೂಡಿ ಸಿನಿಮಾ ನೋಡುತ್ತೇವೆ. ಗೋಡೆಗೆ ಇಸ್ತ್ರಿ ಮಾಡಿದ ಬಿಳಿ ಧೋತರ, ಎರವಲು ತಂದ ಪ್ರೊಜೆಕ್ಟರ್, ನಡುವೆ ಪರಾತದ ತುಂಬ ಚುರಮುರಿ. ಪರದೇಶದ ಚಿತ್ರವಾದರೆ ಅಡಿಬರಹವನ್ನು ಓದಿ ಕನ್ನಡದಲ್ಲಿ ಹೇಳುತ್ತ ಹೋಗುವುದು ನನ್ನ ಪಾಲಿನ ಕೆಲಸ. ಪಾರಿಜಾತದ ಭಾಗವತ ಬಂದ ಎಂದು ಉಳಿದವರು ನಗುತ್ತಾರೆ. ಅಕ್ಕೋರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಕುರ್ಚಿ ಒಲ್ಲೆ ಎಂದು ಚಾಪೆಯ ಮೇಲೆ ಗೋಡೆಗೆ ಒರಗಿ ಕುಳಿತು ನೋಡುತ್ತಾರೆ.

ಅಂದು ಹಾಕಿದ್ದು 1961ರ ‘ದಿ ಚಿಲ್ಡ್ರನ್ಸ್ ಅವರ್’. ಇಬ್ಬರು ಗೆಳತಿಯರು ಸೇರಿ ಹೆಣ್ಣುಮಕ್ಕಳ ವಸತಿ ಶಾಲೆ ನಡೆಸುತ್ತಿರುತ್ತಾರೆ. ಶಿಕ್ಷೆಗೆ ಸಿಟ್ಟಾದ ಒಬ್ಬ ಹುಡುಗಿ, ಈ ಇಬ್ಬರ ನಡುವೆ ಬೇರೆಯೇ ಸಂಬಂಧವಿದೆ ಎಂದು ಅಜ್ಜಿಯ ಕಿವಿಯಲ್ಲಿ ಊದುತ್ತಾಳೆ. ಒಂದೇ ರಾತ್ರಿಯಲ್ಲಿ ಶಾಲೆ ಖಾಲಿಯಾಗುತ್ತದೆ. ಸುಳ್ಳು ಸುಳ್ಳೆಂದು ಬಯಲಾಗುವ ಹೊತ್ತಿಗೆ, ಇಬ್ಬರಲ್ಲಿ ಒಬ್ಬಳಿಗೆ ತನ್ನ ಮಟ್ಟಿಗೆ ಅದು ಪೂರ್ತಿ ಸುಳ್ಳಲ್ಲ ಎಂಬುದು ಹೊಳೆಯುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದವಳು ನೇಣು ಹಾಕಿಕೊಳ್ಳುತ್ತಾಳೆ. ದೀಪ ಹಾಕಿದಾಗ ಅಕ್ಕೋರು ಕನ್ನಡಕ ಒರೆಸುತ್ತ ಕೇಳಿದರು: “ತಮ್ಮಾ, ಈ ವಿಷಯದ ಸಿನಿಮಾ ನೀನು ಯಾವುದನ್ನೇ ತೋರಿಸು, ಕೊನೆಗೆ ಒಬ್ಬರು ಸಾಯುತ್ತಾರೆ. ಗಂಡು ಗಂಡನ್ನು ಪ್ರೀತಿಸಿದರೂ ಸಾವು, ಹೆಣ್ಣು ಹೆಣ್ಣನ್ನು ಪ್ರೀತಿಸಿದರೂ ಸಾವು. ಇವರಿಗೆ ಬದುಕಲು ಬರುವುದಿಲ್ಲವೋ, ಅಥವಾ ಬರೆಯುವವರಿಗೆ ಬದುಕಿಸಲು ಬರುವುದಿಲ್ಲವೋ?”

ಬದುಕಿಸಲು ಬರುತ್ತಿತ್ತು. ಬಿಡುತ್ತಿರಲಿಲ್ಲ. ಅದಕ್ಕೆ ಇದೇ ಚಿತ್ರದ ಪೂರ್ವಕಥೆಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಇದು ಮೂಲದಲ್ಲಿ ಲಿಲಿಯನ್ ಹೆಲ್‌ಮನ್ ಬರೆದ ನಾಟಕ, 1934ರದು. ಅದನ್ನು ವಿಲಿಯಂ ವೈಲರ್ ಎಂಬ ನಿರ್ದೇಶಕ ಎರಡು ಸಲ ಸಿನಿಮಾ ಮಾಡಿದ. ಮೊದಲನೆಯದು 1936ರ ‘ದೀಸ್ ತ್ರೀ’. ಹೆಣ್ಣು ಹೆಣ್ಣನ್ನು ಪ್ರೀತಿಸುವ ಮಾತನ್ನು ತೆರೆಯ ಮೇಲೆ ಎತ್ತುವಂತೆಯೇ ಇರಲಿಲ್ಲವಾದ್ದರಿಂದ ಹುಡುಗಿ ಹೇಳುವ ಸುಳ್ಳನ್ನೇ ಬದಲಿಸಿದರು. ಒಬ್ಬ ಶಿಕ್ಷಕಿ ಇನ್ನೊಬ್ಬಳಿಗೆ ಗೊತ್ತಾದ ವರನನ್ನು ಬಯಸಿದ್ದಾಳೆ ಎಂಬುದು ಹೊಸ ಸುಳ್ಳು. ಉಳಿದದ್ದೆಲ್ಲ ಹೆಚ್ಚುಕಡಿಮೆ ಅದೇ: ಅದೇ ಶಾಲೆ, ಅದೇ ಅಜ್ಜಿ, ಅದೇ ಅಪವಾದ. ಆದರೆ ಆ ಚಿತ್ರದಲ್ಲಿ ಯಾರೂ ನೇಣಿಗೆ ಏರುವುದಿಲ್ಲ. ಪ್ರೇಮಿಗಳು ಮರಳಿ ಸೇರುತ್ತಾರೆ. ಇಪ್ಪತ್ತೈದು ವರ್ಷಗಳ ನಂತರ ಅದೇ ನಿರ್ದೇಶಕ ಮೂಲ ಕಥೆಯನ್ನು ಮರಳಿ ತಂದಾಗ ಅದರ ಜೊತೆ ಹಗ್ಗವೂ ಬಂತು.

ಈ ಹಗ್ಗವನ್ನು ನೇಯ್ದದ್ದು ಹಾಲಿವುಡ್ಡಿನ ಒಂದು ನಿಯಮಾವಳಿ. ಹೇಸ್ ಕೋಡ್ ಎಂದು ಅದಕ್ಕೆ ಹೆಸರು. 1930ರಲ್ಲಿ ಬರೆದದ್ದು, 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ಬಂದದ್ದು. ಸರ್ಕಾರದ ಸೆನ್ಸಾರ್ ಅಲ್ಲ. ಸರ್ಕಾರ ಕೈ ಹಾಕೀತೆಂದು ಹೆದರಿ ಉದ್ಯಮವೇ ತನಗೆ ಹಾಕಿಕೊಂಡ ಮೂಗುದಾಣ. ಅದರ ಮುದ್ರೆ ಬೀಳದ ಚಿತ್ರಕ್ಕೆ ದೊಡ್ಡ ಚಿತ್ರಮಂದಿರಗಳ ಬಾಗಿಲು ತೆರೆಯುತ್ತಿರಲಿಲ್ಲ. ‘ಲೈಂಗಿಕ ವಿಕೃತಿ’ಯನ್ನಾಗಲಿ ಅದರ ಸುಳಿವನ್ನಾಗಲಿ ತೋರಿಸಕೂಡದು ಎಂಬುದು ಅದರ ಒಂದು ಸಾಲು, ಮತ್ತು ಸಲಿಂಗ ಪ್ರೇಮ ಆ ಪದದೊಳಗೆ ಸೇರಿತ್ತು. ಪ್ರೇಕ್ಷಕರ ಅನುಕಂಪ ತಪ್ಪು ಮಾಡಿದವರ ಕಡೆ ವಾಲಬಾರದು ಎಂಬುದು ಇನ್ನೊಂದು.

ಸುಳಿವೂ ಬೇಡವೆಂದರೆ ಸುಳಿವಿನ ಕಲೆ ಬೆಳೆಯದೆ ಇರುತ್ತದೆಯೇ? 1941ರ ‘ದಿ ಮಾಲ್ಟೀಸ್ ಫಾಲ್ಕನ್’ ಚಿತ್ರದಲ್ಲಿ ಪೀಟರ್ ಲೋರೆ ಮಾಡಿದ ಪಾತ್ರ ಪತ್ತೇದಾರನ ಕಚೇರಿಗೆ ಬರುವ ಮೊದಲು ಅವನ ವಿಸಿಟಿಂಗ್ ಕಾರ್ಡ್ ಒಳಗೆ ಬರುತ್ತದೆ. ಕಾರ್ಯದರ್ಶಿ ಅದನ್ನು ಮೂಗಿಗೆ ಹಿಡಿದು ‘ಗಾರ್ಡೇನಿಯಾ’ ಎನ್ನುತ್ತಾಳೆ, ಅಷ್ಟೇ. ಕಾರ್ಡಿಗೆ ಹೂವಿನ ಅತ್ತರು ಹಚ್ಚುವ ಗಂಡಸು ಎಂಥವನೆಂದು ಬಲ್ಲವರು ಬಲ್ಲರು. ನಮ್ಮ ಕಂಪನಿ ನಾಟಕಗಳ ದ್ವಂದ್ವಾರ್ಥದ ಮಾತಿಗೆ ಅಜ್ಜಿಯರು ಸೆರಗು ಬಾಯಿಗಿಟ್ಟು ನಗುತ್ತಿದ್ದರಲ್ಲ, ಮಕ್ಕಳು ಯಾಕೆ ನಗುತ್ತಾರೆಂದು ತಿಳಿಯದೆ ಪಿಳಿಪಿಳಿ ನೋಡುತ್ತಿದ್ದವಲ್ಲ, ಅದೇ ವ್ಯವಹಾರ. ತೊಂದರೆಯೆಂದರೆ ಹೀಗೆ ಸುಳಿವಿನಲ್ಲಿ ಬದುಕಿದ ಪಾತ್ರಗಳು ಒಂದೋ ನಗೆಪಾಟಲು, ಇಲ್ಲವೇ ಖಳ. ನೆಟ್ಟಗೆ ನಿಂತು ಪ್ರೀತಿಸಿದ ಒಬ್ಬನೂ ಇಲ್ಲ.

1961ರ ಅಕ್ಟೋಬರಿನಲ್ಲಿ ಈ ನಿಯಮ ಒಂದಿಷ್ಟು ಸಡಿಲವಾಯಿತು. ಎಚ್ಚರಿಕೆಯಿಂದ, ಸಂಯಮದಿಂದ ತೋರಿಸುವುದಾದರೆ ತೋರಿಸಿ ಎಂದರು. ಆ ಎಚ್ಚರಿಕೆಗೆ ಚಿತ್ರೋದ್ಯಮ ಕಂಡುಕೊಂಡ ಅರ್ಥ ಸರಳವಾಗಿತ್ತು: ಪಾತ್ರ ಒಳಗೆ ಬರಬಹುದು, ಜೀವಸಹಿತ ಹೊರಗೆ ಹೋಗುವುದು ಬೇಡ. 1968ರಲ್ಲಿ ನಿಯಮಾವಳಿ ಹೋಗಿ ವಯಸ್ಸಿನ ವರ್ಗೀಕರಣ ಬಂತು. ಆದರೂ ಚಾಳಿ ಹೋಗಲು ಮತ್ತೆ ಎರಡು ದಶಕ ಹಿಡಿಯಿತು.

ಅಕ್ಕೋರಿಗೆ ಇಷ್ಟು ಹೇಳಿದ ಮೇಲೆ ನಾನೇ ಒಂದು ಆಕ್ಷೇಪ ಎತ್ತಬೇಕಾಯಿತು. ಹೇಸ್ ಕೋಡ್ ಹುಟ್ಟುವ ಮೊದಲೇ, ಅಮೆರಿಕದಿಂದ ದೂರದ ಜರ್ಮನಿಯಲ್ಲಿ, ಈ ಬಗೆಯ ಮೊಟ್ಟಮೊದಲ ಚಿತ್ರಗಳಲ್ಲಿ ಒಂದಾದ ‘ಆಂಡರ್ಸ್ ಆಲ್ಸ್ ಡೀ ಆಂಡರ್ನ್’ನಲ್ಲೂ ನಾಯಕ ಸಾಯುತ್ತಾನೆ. 1919ರ ಮೂಕಿ ಚಿತ್ರ ಅದು. ಹೆಸರಿನ ಅರ್ಥ ‘ಉಳಿದವರಂತಲ್ಲದವರು’. ಪಿಟೀಲು ವಾದಕನೊಬ್ಬ ತನ್ನ ಶಿಷ್ಯನನ್ನು ಪ್ರೀತಿಸುತ್ತಾನೆ. ಅದು ತಿಳಿದ ಒಬ್ಬ ಧೂರ್ತ ಹಣ ಕೇಳುತ್ತಾನೆ, ಕೊಟ್ಟಷ್ಟೂ ಕೇಳುತ್ತಾನೆ. ಪ್ರಕರಣ ಕೋರ್ಟಿಗೆ ಹೋದಾಗ ಸುಲಿಗೆ ಮಾಡಿದವನ ಜೊತೆ ಸುಲಿಗೆಗೆ ಒಳಗಾದವನಿಗೂ ಶಿಕ್ಷೆ, ಏಕೆಂದರೆ ಗಂಡಸರ ನಡುವಿನ ಸಂಬಂಧವೇ ಜರ್ಮನ್ ದಂಡಸಂಹಿತೆಯ 175ನೇ ಕಲಮಿನ ಪ್ರಕಾರ ಅಪರಾಧ. ಮರ್ಯಾದೆ ಹೋದ ವಾದಕ ವಿಷ ಕುಡಿಯುತ್ತಾನೆ. ನಿರ್ದೇಶಕ ರಿಚರ್ಡ್ ಓಸ್ವಾಲ್ಡ್ ಜೊತೆ ಇದನ್ನು ಬರೆದವರು ಮಾಗ್ನುಸ್ ಹಿರ್ಷ್‌ಫೆಲ್ಡ್ ಎಂಬ ವೈದ್ಯರು. ಚಿತ್ರದಲ್ಲಿ ಅವರೇ ಕಾಣಿಸಿಕೊಂಡು ಆ ಕಾನೂನಿನ ವಿರುದ್ಧ ಮಾತನಾಡುತ್ತಾರೆ. ಈ ಸಾವಿಗೂ ಹಾಲಿವುಡ್ಡಿನ ಸಾವಿಗೂ ಅಜಗಜಾಂತರ. ಅಲ್ಲಿ ಸಾವು ಪಾತ್ರಕ್ಕೆ ಕೊಟ್ಟ ಶಿಕ್ಷೆ. ಇಲ್ಲಿ ಅದು ಸರ್ಕಾರಕ್ಕೆ ಕೊಟ್ಟ ತಕರಾರು ಅರ್ಜಿ.

ಅರ್ಜಿ ತಿರಸ್ಕೃತವಾಯಿತು. ಮರುವರ್ಷವೇ ಸಾರ್ವಜನಿಕ ಪ್ರದರ್ಶನಕ್ಕೆ ನಿಷೇಧ ಬಂತು. ಮುಂದೆ ನಾಜಿಗಳು ಪ್ರತಿಗಳನ್ನು ನಾಶ ಮಾಡಿದರು. ಇಂದು ನೋಡಲು ಸಿಗುವುದು ಅಳಿದುಳಿದ ತುಣುಕುಗಳು ಮಾತ್ರ. 175ನೇ ಕಲಮು ಪೂರ್ತಿಯಾಗಿ ಅಳಿದದ್ದು 1994ರಲ್ಲಿ.

ಅದೇ ಜರ್ಮನಿಯಿಂದ 1931ರಲ್ಲಿ ‘ಮ್ಯಾಡ್ಷೆನ್ ಇನ್ ಯೂನಿಫಾರ್ಮ್’ ಬಂತು. ನಿರ್ದೇಶಕಿ ಲಿಯೊಂಟೀನ್ ಸಗಾನ್. ತೆರೆಯ ಮೇಲೆ ಬರುವವರೆಲ್ಲ ಹೆಂಗಸರೇ. ಶಿಸ್ತಿನ ಹಾಸ್ಟೆಲ್ಲಿನಲ್ಲಿ ತಾಯಿಯಿಲ್ಲದ ಹುಡುಗಿಯೊಬ್ಬಳು ಶಿಕ್ಷಕಿಯನ್ನು ಹಚ್ಚಿಕೊಳ್ಳುತ್ತಾಳೆ. ಮುಖ್ಯಸ್ಥೆಯ ಕಾಟಕ್ಕೆ ಬೇಸತ್ತು ಎತ್ತರದ ಮೆಟ್ಟಿಲ ಕಟಾಂಜನದಿಂದ ಹಾರಲು ಹೋಗುತ್ತಾಳೆ. ಇದರ ಮೂಲ ನಾಟಕದಲ್ಲಿ ಹುಡುಗಿ ಉಳಿಯುವುದಿಲ್ಲ. ಚಿತ್ರದಲ್ಲಿ ಓರಗೆಯ ಹುಡುಗಿಯರೆಲ್ಲ ಓಡಿಬಂದು ಎಳೆದುಕೊಳ್ಳುತ್ತಾರೆ. ಆ ದೃಶ್ಯವನ್ನು ನಮ್ಮ ಕೋಣೆಯಲ್ಲಿ ಎರಡು ಸಲ ಹಾಕಬೇಕಾಯಿತು. ಶಿಕ್ಷಕಿಯ ಮೇಲೆ ಮಕ್ಕಳಿಗೆ ಹುಟ್ಟುವ ಹುಚ್ಚು ಅಕ್ಕರೆಯನ್ನು ತಾವು ಮೂವತ್ತು ವರ್ಷ ಕಂಡಿದ್ದಾಗಿ ಅಕ್ಕೋರು ಅಂದು ಹೇಳಿದರು. ಯಾವುದು ಬರೀ ಅಕ್ಕರೆ, ಯಾವುದು ಅದನ್ನು ಮೀರಿದ್ದು ಎಂದು ಅಳೆಯಲು ತಾವು ಹೋಗಿರಲಿಲ್ಲವಂತೆ.

ಬ್ರಿಟನ್ನಿನ ಕಥೆ ನಮಗೆ ಇನ್ನೂ ಹತ್ತಿರ, ಏಕೆಂದರೆ ಅವರ ಕಾನೂನೇ ನಮ್ಮ ತಲೆಯ ಮೇಲೂ ಕುಳಿತಿತ್ತು. 1961ರಲ್ಲಿ ಅಲ್ಲಿ ‘ವಿಕ್ಟಿಮ್’ ಬಂತು. ನಾಯಕ ಹೆಸರಾಂತ ಬ್ಯಾರಿಸ್ಟರ್; ಪಾತ್ರ ಮಾಡಿದವರು ಆ ಕಾಲದ ಹುಡುಗಿಯರ ಕಣ್ಮಣಿ ಡರ್ಕ್ ಬೋಗಾರ್ಡ್. ಇಲ್ಲಿಯೂ ಸುಲಿಗೆಯೇ ಕಥಾವಸ್ತು. ಖಾಸಗಿ ಪ್ರೀತಿಯನ್ನು ಅಪರಾಧವೆಂದು ಸಾರಿದ ಕಾನೂನು ಸುಲಿಗೆಕೋರನ ಕೈಗೆ ಹೇಗೆ ಲೈಸೆನ್ಸ್ ಕೊಡುತ್ತದೆ ಎಂಬುದನ್ನು ಪತ್ತೇದಾರಿ ಕಥೆಯಂತೆ ಬಿಚ್ಚುತ್ತ ಹೋಗುತ್ತದೆ. ಈ ಅಪರಾಧವನ್ನು ಕೈಬಿಡಿ ಎಂದು ಸರ್ಕಾರವೇ ನೇಮಿಸಿದ್ದ ವೂಲ್ಫೆಂಡನ್ ಸಮಿತಿ 1957ರಲ್ಲೇ ಹೇಳಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅದು ಕಾನೂನಾದದ್ದು 1967ರಲ್ಲಿ. 1860ರ ದಂಡಸಂಹಿತೆಯಲ್ಲಿ ಅವರೇ ನಮಗೆ ಬಿಟ್ಟುಹೋದ 377ನೇ ಕಲಮಿನ ಹಿಡಿತದಿಂದ ವಯಸ್ಕರ ಒಪ್ಪಿತ ಸಂಬಂಧವನ್ನು ನಮ್ಮ ಸುಪ್ರೀಂ ಕೋರ್ಟ್ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಕೊಟ್ಟವರು ಬಿಟ್ಟ ಐವತ್ತೊಂದು ವರ್ಷಗಳ ನಂತರ.

ಅದೇ ಇಂಗ್ಲೆಂಡಿನ ಇ. ಎಂ. ಫಾರ್ಸ್ಟರ್ 1913–14ರಲ್ಲಿ ‘ಮಾರಿಸ್’ ಎಂಬ ಕಾದಂಬರಿ ಬರೆದು ಪೆಟ್ಟಿಗೆಯಲ್ಲಿಟ್ಟರು. ಇಬ್ಬರು ಗಂಡಸರ ಪ್ರೇಮ ಅದು. ಕಥೆಗೆ ಸುಖಾಂತ ಬೇಕೇ ಬೇಕು ಎಂದು ಅವರು ಹಟ ತೊಟ್ಟಿದ್ದರು, ಮತ್ತು ಆ ಸುಖಾಂತದಿಂದಲೇ ಪುಸ್ತಕ ಹೊರಬರುವಂತಿರಲಿಲ್ಲ. ಹುಡುಗ ನೇಣಿನಲ್ಲಿ ತೂಗಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂಬ ಅರ್ಥದ ಕಹಿಮಾತನ್ನು ಅವರು ಅದಕ್ಕೆ ಜೋಡಿಸಿದ ಟಿಪ್ಪಣಿಯಲ್ಲಿ ಬರೆದಿದ್ದಾರೆ. 1970ರಲ್ಲಿ ಅವರು ತೀರಿಕೊಂಡರು, 1971ರಲ್ಲಿ ಪುಸ್ತಕ ಅಚ್ಚಾಯಿತು. 1987ರಲ್ಲಿ ಅದನ್ನು ಸಿನಿಮಾ ಮಾಡಿದವರು ಜೇಮ್ಸ್ ಐವರಿ. ಹಣ ಹೊಂದಿಸಿದವರು ಮುಂಬೈಯಲ್ಲಿ ಹುಟ್ಟಿದ ಇಸ್ಮಾಯಿಲ್ ಮರ್ಚಂಟ್. ಅಕ್ಕೋರ ಪ್ರಶ್ನೆಗೆ ನನ್ನ ಉತ್ತರ ಫಾರ್ಸ್ಟರರ ಆ ಟಿಪ್ಪಣಿಯಲ್ಲೇ ಇದೆ. ಸಾಯುವ ಪ್ರೇಮಿಗಳನ್ನು ಲೋಕ ಅಳುತ್ತ ಸಹಿಸಿಕೊಳ್ಳುತ್ತದೆ. ಬದುಕಿ ಉಳಿದು, ಮರುದಿನ ಬೆಳಿಗ್ಗೆ ಚಹಾ ಕಾಸಿಕೊಂಡು ಕುಡಿಯುವ ಪ್ರೇಮಿಗಳನ್ನು ಸಹಿಸುವುದು ಅದಕ್ಕೆ ಕಷ್ಟ.

ಹಾಗಾದರೆ ಅವರು ಬದುಕತೊಡಗಿದ್ದು ಯಾವಾಗ? ಇಲ್ಲಿ ‘ಇಂಡಿಪೆಂಡೆಂಟ್’ ಎಂಬ ಮಾತು ಬರುತ್ತದೆ. ಸ್ವತಂತ್ರ ಸಿನಿಮಾ ಎಂದರೆ ನಿಧಾನ ನಡೆಯ, ತಿಳಿಯದ, ಪ್ರಶಸ್ತಿಗೆಂದೇ ಮಾಡಿದ ಚಿತ್ರ ಎಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಆ ಪದಕ್ಕೂ ನಡಿಗೆಗೂ ಸಂಬಂಧವಿಲ್ಲ. ಅದು ರೊಕ್ಕದ ಮಾತು. ದೊಡ್ಡ ಸ್ಟುಡಿಯೋದ ಹಣವಿಲ್ಲದೆ ಮಾಡಿದ್ದು ಎಂದಷ್ಟೇ ಅರ್ಥ. ಬಿತ್ತನೆಗೆ ಮುಂಗಡ ಕೊಟ್ಟ ದಲಾಲಿಯೇ ಸುಗ್ಗಿಯಲ್ಲಿ ದರ ಕಟ್ಟುವುದು ನಮ್ಮ ರೈತರಿಗೆ ಹೊಸದಲ್ಲ. ಸಿನಿಮಾದಲ್ಲಿ ಮುಂಗಡ ಕೊಟ್ಟವನು ಕಟ್ಟುವುದು ಮುಕ್ತಾಯವನ್ನು.

ಡೋನಾ ಡೀಚ್ ಎಂಬ ಅಮೆರಿಕದ ನಿರ್ದೇಶಕಿ ಆ ಮುಂಗಡವನ್ನೇ ಬೇಡವೆಂದರು. ಸಣ್ಣ ಸಣ್ಣ ಹೂಡಿಕೆದಾರರ ಮನೆಬಾಗಿಲಿಗೆ ಅಲೆದು, ಎರಡು ವರ್ಷಕ್ಕೂ ಮಿಕ್ಕಿ ಹಣ ಕೂಡಿಸಿ 1985ರಲ್ಲಿ ‘ಡೆಸರ್ಟ್ ಹಾರ್ಟ್ಸ್’ ಮಾಡಿದರು. ವಿಚ್ಛೇದನಕ್ಕೆಂದು 1959ರಲ್ಲಿ ರೀನೋ ನಗರಕ್ಕೆ ಬಂದ ಪ್ರಾಧ್ಯಾಪಕಿ, ಅಲ್ಲಿಯ ಕ್ಯಾಸಿನೋದಲ್ಲಿ ಕೆಲಸ ಮಾಡುವ ಹುಡುಗಿ, ಇಬ್ಬರ ಪ್ರೇಮ. ಕೊನೆಗೆ ಪ್ರಾಧ್ಯಾಪಕಿ ರೈಲು ಹತ್ತುತ್ತಾಳೆ. ಹುಡುಗಿ ಬರಲೊಲ್ಲಳು, ಇವಳು ಬಿಡಲೊಲ್ಲಳು. ಬರೀ ಮುಂದಿನ ಸ್ಟೇಷನ್ನಿನವರೆಗೆ ಬಾ ಎನ್ನುತ್ತಾಳೆ. ರೈಲು ಹೊರಡುತ್ತದೆ, ಹುಡುಗಿ ಒಳಗಿದ್ದಾಳೆ. ನಮ್ಮ ಗುಂಪಿನ ಒಬ್ಬ “ಲೋಂಡಾದವರೆಗೆ ಎಂದು ಹತ್ತಿದವರು ಗೋವಾ ಮುಟ್ಟದೆ ಇಳಿಯುವುದಿಲ್ಲ” ಎಂದ. ಯಾರೂ ಸಾಯದ ಈ ಚಿತ್ರವನ್ನು ಅಂದು ಕೋಣೆಯಲ್ಲಿ ಎಲ್ಲರೂ ಹಗುರಾಗಿ ನೋಡಿದೆವು. ಕಲೆಯ ಲೆಕ್ಕದಲ್ಲಿ ಇದಕ್ಕಿಂತ ಮೇಲಿನವು ಬೇಕಾದಷ್ಟಿವೆ. ಆ ರೈಲಿನ ಋಣ ಮಾತ್ರ ಅವಕ್ಕೆಲ್ಲ ಇದೆ.

ಅದೇ ವರ್ಷ ಲಂಡನ್ನಿನಲ್ಲಿ ಚಾನೆಲ್ 4 ಟಿವಿಗೆಂದು 16 ಮಿಲಿಮೀಟರ್ ಫಿಲ್ಮಿನಲ್ಲಿ ಅಗ್ಗವಾಗಿ ತೆಗೆದ ‘ಮೈ ಬ್ಯೂಟಿಫುಲ್ ಲಾಂಡ್ರೆಟ್’ ಬಂತು. ಹನೀಫ್ ಕುರೇಶಿ ಬರೆದದ್ದು, ಸ್ಟೀಫನ್ ಫ್ರಿಯರ್ಸ್ ನಿರ್ದೇಶಿಸಿದ್ದು. ಪಾಕಿಸ್ತಾನಿ ಮೂಲದ ಹುಡುಗನೂ ಬಿಳಿಯ ಪುಂಡನೂ ಸೇರಿ ಬಟ್ಟೆ ಒಗೆಯುವ ಅಂಗಡಿ ಹಾಕುತ್ತಾರೆ. ಸಯೀದ್ ಜಾಫ್ರಿ, ರೋಶನ್ ಸೇಠ್ ಅವರನ್ನು ಅದರಲ್ಲಿ ನೋಡುವುದೇ ಒಂದು ಹಬ್ಬ. 1990ರ ಆಸುಪಾಸು ಏಡ್ಸ್ ಸಾವುಗಳ ಸಿಟ್ಟು, ಕೈಗೆಟಕುವ ಕ್ಯಾಮೆರಾ ಎರಡೂ ಕೂಡಿ ಇಂಥ ಚಿತ್ರಗಳ ಒಂದು ಅಲೆಯೇ ಎದ್ದಿತು. ವಿಮರ್ಶಕಿ ಬಿ. ರೂಬಿ ರಿಚ್ 1992ರಲ್ಲಿ ಅದಕ್ಕೆ ‘ನ್ಯೂ ಕ್ವಿಯರ್ ಸಿನಿಮಾ’ ಎಂದು ಹೆಸರಿಟ್ಟರು. ಆ ಅಲೆಯ ಹಲವು ಚಿತ್ರಗಳು ನನಗೆ ರುಚಿಸಿಲ್ಲ. ಸಿಟ್ಟು ಕಾಣುತ್ತದೆ, ಕಥೆ ಕಾಣುವುದಿಲ್ಲ. ಆದರೆ ಸ್ವಲ್ಪ ಹಣದಲ್ಲಿ, ಯಾರ ಅಪ್ಪಣೆಗೂ ಕಾಯದೆ ಮಾಡಬಹುದೆಂದು ಅವು ತೋರಿಸಿದ್ದರಿಂದಲೇ ಬ್ಯಾರಿ ಜೆಂಕಿನ್ಸ್ ಅವರ 2016ರ ‘ಮೂನ್‌ಲೈಟ್’ ಎಂಬ ಸಣ್ಣ ಬಜೆಟ್ಟಿನ ಚಿತ್ರ ಅತ್ಯುತ್ತಮ ಚಿತ್ರದ ಆಸ್ಕರ್ ಪಡೆಯುವವರೆಗೆ ದಾರಿ ಬಂತು.

ನನ್ನ ಮಟ್ಟಿಗೆ, ನಮ್ಮ ಭಾಗದ ಮನೆಗಳಿಗೆ ಅತಿ ಹೆಚ್ಚು ಅರ್ಥವಾಗುವ ಚಿತ್ರ ತೈವಾನಿನ ಆಂಗ್ ಲೀ ಮಾಡಿದ ‘ದಿ ವೆಡ್ಡಿಂಗ್ ಬ್ಯಾಂಕ್ವೆಟ್’. 1993ರಲ್ಲಿ ಬರ್ಲಿನ್ ಉತ್ಸವದ ಚಿನ್ನದ ಕರಡಿಯನ್ನು ಇನ್ನೊಂದು ಚಿತ್ರದೊಡನೆ ಹಂಚಿಕೊಂಡಿತು. ನ್ಯೂಯಾರ್ಕಿನಲ್ಲಿ ಸೈಮನ್ ಎಂಬ ಗೆಳೆಯನೊಡನೆ ಸಂಸಾರ ಮಾಡಿಕೊಂಡಿರುವ ತೈವಾನಿನ ಹುಡುಗನಿಗೆ ಊರಿನಿಂದ ಅಪ್ಪ ಅಮ್ಮನ ಒಂದೇ ವರಾತ: ಮದುವೆ. ಅಮೆರಿಕದಲ್ಲಿ ಉಳಿಯಲು ಕಾಗದಪತ್ರ ಬೇಕಿರುವ ಚೀನಾದ ಚಿತ್ರಕಲಾವಿದೆಯೊಬ್ಬಳನ್ನು ಹೆಸರಿಗೆ ಮದುವೆಯಾಗಿಬಿಡು, ಇಬ್ಬರಿಗೂ ಅನುಕೂಲ ಎಂದು ಸೈಮನ್ನನೇ ಉಪಾಯ ಹೇಳುತ್ತಾನೆ. ಸುದ್ದಿ ತಿಳಿದ ಅಪ್ಪ ಅಮ್ಮ ವಿಮಾನ ಹತ್ತಿ ಬಂದೇಬಿಡುತ್ತಾರೆ. ರಿಜಿಸ್ಟರ್ ಕಚೇರಿಯ ಐದು ನಿಮಿಷದ ಮದುವೆ ನೋಡಿ ಅಮ್ಮ ಅಳುತ್ತಾಳೆ. ಅಲ್ಲಿಂದ ಮುಂದೆ ಊಟದ ಪಂಕ್ತಿ, ಕುಡಿತ, ನೂರೆಂಟು ಶಾಸ್ತ್ರ, ಮದುಮಕ್ಕಳ ಕೋಣೆಗೆ ನುಗ್ಗುವ ನೆಂಟರು. ಅಕ್ಕೋರು ಇಲ್ಲಿ ನಕ್ಕು ನಕ್ಕು ಸುಸ್ತಾದರು.

ನಗು ಅಡಗುವುದು ಕೊನೆಯ ಭಾಗದಲ್ಲಿ. ತಾಯಿಗೆ ನಿಜ ಗೊತ್ತಾಗಿದೆ, ಅಪ್ಪನಿಗೆ ಹೇಳಬೇಡ ಎಂದು ಮಗನಿಂದ ಮಾತು ತೆಗೆದುಕೊಂಡಿದ್ದಾಳೆ. ಒಂದು ದಿನ ಅಪ್ಪ ಸೈಮನ್ನನೊಬ್ಬನನ್ನೇ ಕೂರಿಸಿಕೊಂಡು, ಸೊಸೆಗೆ ಕೊಡುವ ಹಾಗೆ ಕೆಂಪು ಲಕೋಟೆಯಲ್ಲಿ ಹಣ ಕೊಡುತ್ತಾನೆ. ಇಂಗ್ಲಿಷ್ ಬಾರದವನೆಂದು ತಿಳಿದಿದ್ದ ಮುದುಕ ಎಲ್ಲವನ್ನೂ ಕೇಳಿಸಿಕೊಂಡಿದ್ದ, ನೋಡಿದ್ದ, ತಿಳಿದಿದ್ದ. ಇದು ನಮ್ಮಿಬ್ಬರಲ್ಲೇ ಇರಲಿ, ಹೆಂಡತಿಗೂ ಮಗನಿಗೂ ತಿಳಿಯುವುದು ಬೇಡ ಎನ್ನುತ್ತಾನೆ. ಎಲ್ಲರಿಗೂ ಗೊತ್ತು, ಯಾರೂ ಯಾರಿಗೂ ಹೇಳುವಂತಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತಿರುವ ಈ ವಿದ್ಯೆಯನ್ನು ನಮ್ಮ ಜಂತಿಮನೆಗಳಿಗೆ ಯಾರೂ ಕಲಿಸಬೇಕಾಗಿಲ್ಲ. ಅದು ಕರುಣೆಯೋ ಹೇಡಿತನವೋ ಎಂದು ಆ ರಾತ್ರಿ ನಮ್ಮಲ್ಲಿ ದೊಡ್ಡ ವಾದವೇ ನಡೆಯಿತು. ಎರಡೂ ಎಂಬುದು ನನ್ನ ಪಕ್ಷ. ಚಿತ್ರವೂ ಹಾಗೇ ಹೇಳುತ್ತದೆ ಎಂದು ನನಗನಿಸುತ್ತದೆ: ಆ ಅಪ್ಪನ ಮೌನದ ನೆರಳಿನಲ್ಲಿ ಸೈಮನ್ನನಿಗೆ ಜಾಗ ಸಿಗುತ್ತದೆ, ಹೆಸರು ಸಿಗುವುದಿಲ್ಲ.

ಅದೇ 1993ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯಲ್ಲಿ ಪಾಲು ಪಡೆದದ್ದು ಚೀನಾದ ಚೆನ್ ಕೈಗೆ ಎಂಬವರು ನಿರ್ದೇಶಿಸಿದ ‘ಫೇರ್‌ವೆಲ್ ಮೈ ಕಾಂಕ್ಯುಬೈನ್’. ಪೀಕಿಂಗ್ ಆಪೆರಾದಲ್ಲಿ ಹೆಣ್ಣುಪಾತ್ರಕ್ಕೆಂದೇ ಹುಡುಗರನ್ನು ತಿದ್ದುತ್ತಿದ್ದ ಕಾಲದ ಕಥೆ. ‘ನಾನು ಹುಟ್ಟಿನಿಂದ ಹೆಣ್ಣು, ಗಂಡಲ್ಲ’ ಎಂಬ ಅರ್ಥದ ಸಾಲನ್ನು ಹುಡುಗ ಮತ್ತೆ ಮತ್ತೆ ತಪ್ಪಾಗಿ, ‘ಗಂಡು’ ಎಂದೇ ಹೇಳುತ್ತಾನೆ, ಮತ್ತೆ ಮತ್ತೆ ಪೆಟ್ಟು ತಿನ್ನುತ್ತಾನೆ. ಕೊನೆಗೆ ಸರಿಯಾಗಿ ಹೇಳಿದ ದಿನ ಅವನೊಳಗೆ ಏನೋ ಮುರಿಯುತ್ತದೆ. ದೊಡ್ಡವನಾದ ಮೇಲೆ ರಾಜನ ಪಾತ್ರದ ಜೊತೆಗಾರನನ್ನು ರಂಗದ ಹೊರಗೂ ಪ್ರೀತಿಸುತ್ತಾನೆ. ಆ ಜೊತೆಗಾರನಿಗೆ ರಂಗ ರಂಗವೇ, ಬದುಕು ಬದುಕೇ.

ಈ ಚಿತ್ರ ನೋಡುವಾಗ ಬೆಳಗಾವಿಯವರಿಗೆ ತಮ್ಮ ಬಯಲಾಟ, ಕಂಪನಿ ನಾಟಕಗಳು ನೆನಪಾಗದೆ ಇರವು. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು ಎಳೆಯ ವಯಸ್ಸಿನಲ್ಲಿ ಸ್ತ್ರೀಪಾತ್ರಗಳಿಂದಲೇ ಜನರ ಕಣ್ಣಿಗೆ ಬಿದ್ದವರು. ಮರಾಠಿಯ ಬಾಲಗಂಧರ್ವರು ಉಟ್ಟ ಸೀರೆಯ ಬಗೆಯನ್ನು ಮನೆಯ ಹೆಂಗಸರು ಅನುಕರಿಸುತ್ತಿದ್ದ ಕಾಲವಿತ್ತು. ಅವರಿಬ್ಬರ ಬದುಕಿಗೂ ಈ ಚಿತ್ರದ ಪ್ರೇಮಕ್ಕೂ ಸಂಬಂಧ ಹಚ್ಚುವುದು ತಪ್ಪು. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ. ಹೆಣ್ಣುವೇಷ ಒಂದು ಕಲೆ. ರಂಗದಿಂದ ಇಳಿದ ಮೇಲೆ ಬಣ್ಣದ ಜೊತೆ ಅದೂ ತೊಳೆದುಹೋಗುತ್ತದೆ. ಎಲ್ಲಮ್ಮನ ಗುಡ್ಡದಲ್ಲಿ ನಾವು ಕಾಣುವ ಜೋಗಪ್ಪನದು ವೇಷವಲ್ಲ. ತಾನು ಯಾರು, ಗಂಡೋ ಹೆಣ್ಣೋ ಎಂಬ ಒಳಗಿನ ಗುರುತಿನ ಮಾತು ಅದು. ತನ್ನ ಮನಸ್ಸು ಯಾರತ್ತ ಹರಿಯುತ್ತದೆ ಎಂಬುದು ಮೂರನೆಯದು. ‘ವಿಕ್ಟಿಮ್’ನ ಬ್ಯಾರಿಸ್ಟರ್ ಕೋಟು ಹಾಕಿದ ಗಂಡಸೇ, ತನ್ನನ್ನು ಗಂಡಸೆಂದೇ ತಿಳಿದವನು, ಪ್ರೀತಿ ಮಾತ್ರ ಇನ್ನೊಬ್ಬ ಗಂಡಸಿನ ಮೇಲೆ. ಕೆಲವರಲ್ಲಿ ಈ ಮೂರೂ ಒಂದರೊಳಗೊಂದು ಬೆರೆಯಬಹುದು. ಚೆನ್ ಕೈಗೆಯ ನಾಯಕನಲ್ಲಿ ಹೊಡೆದು ಬಡಿದು ಬೆರೆಸಿದ್ದಾರೆ, ಅದೇ ಅವನ ದುರಂತ. ಅಂದಹಾಗೆ ಅವನೂ ಕತ್ತಿಗೆ ಕೊರಳೊಡ್ಡಿ ಸಾಯುತ್ತಾನೆ. ಮೂಲ ಕಾದಂಬರಿಯಲ್ಲಿ ಬದುಕಿ ಉಳಿಯುತ್ತಾನೆ ಎಂದಾಗ ಅಕ್ಕೋರು ನನ್ನ ಕಡೆ ನೋಡಿದ ನೋಟವನ್ನು ಬರೆಯಲಾರೆ.

ಆಂಗ್ ಲೀ ಮುಂದೆ 2005ರಲ್ಲಿ ‘ಬ್ರೋಕ್‌ಬ್ಯಾಕ್ ಮೌಂಟನ್’ ಮಾಡಿ ಆಸ್ಕರ್ ಪಡೆದರು. 1963ರಲ್ಲಿ ಗುಡ್ಡದ ಮೇಲೆ ಕುರಿ ಕಾಯುವ ಕೆಲಸಕ್ಕೆ ಸೇರಿದ ಇಬ್ಬರು ಹುಡುಗರ ಇಪ್ಪತ್ತು ವರ್ಷದ ಪ್ರೇಮ. ನಮ್ಮ ಗುಂಪಿನಲ್ಲಿ ರಾಮದುರ್ಗದ ಕಡೆಯ ಕುರಿಗಾರರ ಮನೆಯ ಹುಡುಗನೊಬ್ಬನಿದ್ದಾನೆ. ಇಬ್ಬರೂ ಡೇರೆಯಲ್ಲಿ ಮಲಗಿದ ರಾತ್ರಿ ಕಳೆದು ಬೆಳಿಗ್ಗೆ ಸೀಳಿಹೋದ ಕುರಿ ಕಂಡಾಗ ಅವನು, “ಹಟ್ಟಿ ಬಿಟ್ಟು ಮಲಗಿದರೆ ತೋಳ ಬಾರದೆ ಇನ್ನೇನು ಬರುತ್ತದೆ” ಎಂದ. ಎಲ್ಲರೂ ನಕ್ಕರು. ಅವನು ನಗಲಿಲ್ಲ. ತಿಂಗಳುಗಟ್ಟಲೆ ಕುರಿಯ ಹಿಂದೆ ಅಲೆಯುವವರಿಗೆ ಜೊತೆಗಾರನೇ ಊರು, ಜೊತೆಗಾರನೇ ಮನೆ ಎಂದು ಆಮೇಲೆ ಮೆಲ್ಲಗೆ ಹೇಳಿದ. ಈ ಚಿತ್ರದಲ್ಲೂ ಒಬ್ಬ ಸಾಯುತ್ತಾನೆ. ಟೈರ್ ಸಿಡಿದು ಸತ್ತ ಎಂದು ಹೆಂಡತಿ ಫೋನಿನಲ್ಲಿ ಹೇಳುತ್ತಾಳೆ, ಹೊಡೆದು ಕೊಂದರು ಎಂದು ಗೆಳೆಯನ ಮನಸ್ಸು ಹೇಳುತ್ತದೆ. ಯಾವುದು ನಿಜವೆಂದು ನಿರ್ದೇಶಕ ಬಿಡಿಸುವುದಿಲ್ಲ. ಬದುಕುಳಿದವನ ಪಾಲಿಗೆ ಒಂದರೊಳಗೊಂದು ತೂರಿಸಿ ತೂಗುಹಾಕಿದ ಎರಡು ಅಂಗಿ ಉಳಿಯುತ್ತ‍ವೆ. ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಅದೇ ಕುರಿ, ಅದೇ ಗುಡ್ಡ, ಅದೇ ಇಬ್ಬರು ಗಂಡಸರನ್ನಿಟ್ಟುಕೊಂಡು ಫ್ರಾನ್ಸಿಸ್ ಲೀ 2017ರಲ್ಲಿ ಮಾಡಿದ ‘ಗಾಡ್ಸ್ ಓನ್ ಕಂಟ್ರಿ’ಯಲ್ಲಿ ಇಬ್ಬರೂ ಕೊನೆಗೆ ಮನೆಯ ಬಾಗಿಲೊಳಗೆ ಹೋಗುತ್ತಾರೆ. ಎರಡನ್ನೂ ಒಂದೇ ವಾರದಲ್ಲಿ ನೋಡಬೇಕು.

ಹೆಣ್ಣು ಹೆಣ್ಣಿನ ಪ್ರೇಮದ ಚಿತ್ರಗಳಲ್ಲಿ ಇನ್ನೊಂದು ತೊಡಕು, ನೋಡುವ ಕಣ್ಣು ಯಾರದು ಎಂಬುದು. 2013ರಲ್ಲಿ ಕಾನ್ ಪ್ರಶಸ್ತಿ ಗೆದ್ದ ‘ಬ್ಲೂ ಈಸ್ ದ ವಾರ್ಮೆಸ್ಟ್ ಕಲರ್’ನ ಹಾಸಿಗೆಯ ದೃಶ್ಯಗಳನ್ನು ಮೂಲ ಚಿತ್ರಕಾದಂಬರಿ ಬರೆದವರೇ ಒಪ್ಪಲಿಲ್ಲ. ನನಗೂ ಅವು ಗಂಡಸಿನ ಕುತೂಹಲವೆನಿಸಿದವು. ಸೆಲೀನ್ ಸಿಯಾಮಾ ಅವರ 2019ರ ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’ ಮುಂದೆ ಕುಳಿತರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಹದಿನೆಂಟನೇ ಶತಮಾನದ ಫ್ರಾನ್ಸ್. ಮದುವೆಗೆ ಒಲ್ಲದ ಹುಡುಗಿಯ ಚಿತ್ರವನ್ನು ಅವಳಿಗೆ ತಿಳಿಯದಂತೆ ಬರೆಯಲು ಕಲಾವಿದೆಯೊಬ್ಬಳನ್ನು ಕರೆಸುತ್ತಾರೆ. ಕದ್ದು ನೋಡಬೇಕು, ನೆನಪಿಟ್ಟು ಬರೆಯಬೇಕು. ನಾನು ನಿನ್ನನ್ನು ನೋಡುತ್ತಿದ್ದಾಗ ನೀನೂ ನನ್ನನ್ನು ನೋಡುತ್ತಿದ್ದೆ ಎಂಬುದು ತಿಳಿಯುವ ಹೊತ್ತಿಗೆ ಪ್ರೇಮ ಆಗಿಹೋಗಿರುತ್ತದೆ. ಹಿನ್ನೆಲೆ ಸಂಗೀತವೇ ಇಲ್ಲ. ಹಾಗಾಗಿ ಬೆಂಕಿಯ ಸುತ್ತ ಹೆಂಗಸರು ಹಾಡತೊಡಗಿದಾಗ ಮೈ ಜುಮ್ಮೆನ್ನುತ್ತದೆ. ಇಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಸೇರುವುದೂ ಇಲ್ಲ.

ಸುಖಾಂತದ ಮೇಲಿನ ಸಿಟ್ಟು ಹಳೆಯ ಕಾಲಕ್ಕೆ ಮುಗಿಯಿತೆಂದು ತಿಳಿಯಬೇಡಿ. ದೀಪಾ ಮೆಹ್ತಾ ಅವರ 1996ರ ‘ಫೈರ್’ನಲ್ಲಿ ದಿಲ್ಲಿಯ ಕೂಡುಕುಟುಂಬದ ಇಬ್ಬರು ಸೊಸೆಯರು ಕೊನೆಗೆ ಜೀವಂತವಾಗಿ ಒಂದಾಗುತ್ತಾರೆ. ನಮ್ಮ ಸೆನ್ಸಾರ್ ಮಂಡಳಿ ಒಪ್ಪಿಗೆ ಕೊಟ್ಟಿತು, 1998ರ ಡಿಸೆಂಬರಿನಲ್ಲಿ ಚಿತ್ರಮಂದಿರಗಳ ಗಾಜು ಒಡೆದದ್ದು ಬೀದಿಯ ಮಂಡಳಿ. ಕೀನ್ಯಾದ ವನೂರಿ ಕಹಿಯು ಅವರ ‘ರಫೀಕಿ’ಯನ್ನು 2018ರಲ್ಲಿ ಅಲ್ಲಿಯ ಮಂಡಳಿ ನಿಷೇಧಿಸಿತು. ಅದಕ್ಕೂ ಮೊದಲು ಮಂಡಳಿ ಮುಕ್ತಾಯ ಬದಲಿಸಲು ಕೇಳಿತ್ತು: ಅದರಲ್ಲಿ ಭರವಸೆ ಹೆಚ್ಚಾಯಿತು ಎಂಬುದು ದೂರು. ಫಾರ್ಸ್ಟರ್ ನೂರು ವರ್ಷದ ಹಿಂದೆ ಹೆದರಿದ್ದು ಇದಕ್ಕೇ. ನಿರ್ದೇಶಕಿ ಕೋರ್ಟಿಗೆ ಹೋದರು. ಆಸ್ಕರ್ ಸ್ಪರ್ಧೆಗೆ ಅರ್ಹವಾಗಲೆಂದು ಏಳು ದಿನಗಳ ಮಟ್ಟಿಗೆ ನಿಷೇಧ ತೆರವಾಯಿತು, ನೈರೋಬಿಯ ಚಿತ್ರಮಂದಿರಗಳು ತುಂಬಿದವು. ನಮ್ಮಲ್ಲಿ 377ರ ತೀರ್ಪು ಬಂದದ್ದೂ ಅದೇ ಸೆಪ್ಟೆಂಬರಿನಲ್ಲಿ.

‘ಅಲಿಗಢ’ದಂಥ ಚಿತ್ರದ ಸಾವಿನ ಲೆಕ್ಕ ಬೇರೆ. ಮನೋಜ್ ಬಾಜಪೇಯಿ ಮಾಡಿದ ಆ ಮರಾಠಿ ಪ್ರಾಧ್ಯಾಪಕ ರಾಮಚಂದ್ರ ಸಿರಸ್ ನಿಜವಾಗಿ ಬದುಕಿದ್ದವರು. ಸಲಿಂಗ ಸಂಬಂಧದ ಕಾರಣಕ್ಕೆ ವಿಶ್ವವಿದ್ಯಾಲಯ ಅವರನ್ನು ಅಮಾನತು ಮಾಡಿತ್ತು; 2010ರ ಏಪ್ರಿಲಿನಲ್ಲಿ ಹೈಕೋರ್ಟ್ ಅವರ ಪರವಾಗಿ ಹೇಳಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಲ್ಲಿ ಬರೆದವರು ಬದುಕಿಸಲು ಸಾಧ್ಯವಿರಲಿಲ್ಲ.

ಕೊನೆಗೆ ನಾನು ತೋರಿಸದ ಒಂದು ಚಿತ್ರ. ರೋಹನ್ ಕಾನವಡೆ ಅವರ ಮರಾಠಿಯ ‘ಸಾಬರ್ ಬೋಂಡ’ 2025ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಉತ್ಸವದಲ್ಲಿ ವಿಶ್ವ ಸಿನಿಮಾ ಕಥಾಚಿತ್ರ ವಿಭಾಗದ ದೊಡ್ಡ ಪ್ರಶಸ್ತಿ ಗೆದ್ದಿತು. ಹೆಸರಿನ ಅರ್ಥ ಪಾಪಾಸುಕಳ್ಳಿಯ ಹಣ್ಣು. ಸೆಪ್ಟೆಂಬರಿನಲ್ಲಿ ಬಿಡುಗಡೆಯಾದಾಗ ಅಕ್ಕೋರು ಪುಣೆಯಲ್ಲಿ ಮಗಳ ಮನೆಯಲ್ಲಿದ್ದರು, ಮಗಳನ್ನು ಎಬ್ಬಿಸಿಕೊಂಡು ಹೋಗಿ ನೋಡಿದರು. ರಾತ್ರಿ ಹತ್ತು ಗಂಟೆಗೆ ನನಗೆ ಫೋನ್. ಮುಂಬೈಯ ಹುಡುಗ, ಅಪ್ಪನ ಹತ್ತು ದಿನದ ಸೂತಕಕ್ಕೆಂದು ಹಳ್ಳಿಗೆ ಬರುತ್ತಾನೆ, ನೆಂಟರೆಲ್ಲ ಮದುವೆ ಯಾವಾಗ ಎಂದು ಕಾಡುತ್ತಾರೆ, ಅಲ್ಲಿ ಬಾಲ್ಯದ ಗೆಳೆಯನೊಬ್ಬ ಸಿಗುತ್ತಾನೆ. ಅವನೂ ಮದುವೆಯಿಂದ ತಪ್ಪಿಸಿಕೊಂಡು ತಿರುಗುತ್ತಿರುವ ರೈತ. ತಾಯಿಗೆ ಮಗನ ವಿಷಯ ಗೊತ್ತು. ಇಷ್ಟನ್ನು ಒಂದೇ ಉಸಿರಿನಲ್ಲಿ ಹೇಳಿದರು.

“ಅಡಿಬರಹ ಓದಲು ನಿನ್ನ ಅಗತ್ಯ ಬೀಳಲಿಲ್ಲ, ತಮ್ಮಾ. ಎಲ್ಲ ನಮ್ಮ ಪಕ್ಕದ ಮನೆಯ ಮಾತೇ,” ಎಂದರು.

ಸಾವು ಇದೆಯೇ ಎಂದು ಕೇಳಿದೆ.

“ಇದೆ. ಅಪ್ಪ ಸತ್ತಿದ್ದಾನಲ್ಲ. ಅದು ಸಿನಿಮಾ ಶುರುವಾಗುವಾಗಲೇ ಮುಗಿದಿತ್ತು.”